ಸೆನ್ಸಾರ್ ಸೊಸೆ

ಆ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ, ಮೂರನೆಯ ಮಹಡಿಯ ಸೊಸೆಗೆ ಏನು ಕೆಲಸ ಎಂದು ಕೇಳಿ ನೋಡಿ. ಸೆನ್ಸಾರ್ ಆಫೀಸಿನಲ್ಲಿ ಎನ್ನುತ್ತಾರೆ. ಸಿನಿಮಾಗಳನ್ನು ಬಿಡುಗಡೆಗೆ ಮೊದಲೇ ನೋಡಿ, ನೋಡಬಾರದ್ದಕ್ಕೆಲ್ಲ ಕತ್ತರಿ ಹಾಕುತ್ತಾಳಂತೆ. ಎದುರು ಮನೆಯ ಟೈಲರ್ ಅಂತೂ ಅವಳನ್ನು ಕಂಡಾಗಲೆಲ್ಲ ಹೊಲಿಗೆ ಯಂತ್ರ ನಿಲ್ಲಿಸಿ, "ಈ ವಾರ ಏನೇನು ಕತ್ತರಿಸಿದ್ರಿ?" ಎಂದು ದನಿ ತಗ್ಗಿಸಿ ಕೇಳುತ್ತಾನೆ. ಒಂದೇ ಕಸುಬಿನವರು ಪರಸ್ಪರ ವಿಚಾರಿಸಿಕೊಳ್ಳುವ ಹಾಗೆ.

ಈ ಸುದ್ದಿಯ ಮೂಲ ಅವಳ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ, "ನಮ್ಮದು ಸೆನ್ಸರ್ ಮಾಡೋ ಕಂಪನಿ ಅತ್ತೆ" ಎಂದಿದ್ದಳು. ಅತ್ತೆಗೆ ಅಷ್ಟು ಸಾಕಾಯಿತು. ಉಳಿದದ್ದನ್ನು ಕೇಳಿಸಿಕೊಳ್ಳುವ ಮೊದಲೇ ಅವರು ಮೆಟ್ಟಿಲು ಇಳಿದಾಗಿತ್ತು. "ಸೆನ್ಸಾರ್ ಅಲ್ಲ ಅತ್ತೆ, ಸೆನ್ಸರ್. ಮೈಯೊಳಗಿನ ಒತ್ತಡ ಅಳೆಯೋದು" ಎಂದು ಸೊಸೆ ಆಮೇಲೆ ವಿವರಿಸಹೊರಟರೆ, "ಒತ್ತಡ ಇಲ್ಲದೆ ಇರುತ್ತಾ? ಸೆನ್ಸಾರ್‌ನವರಿಗೆ ಎಲ್ಲಾ ಕಡೆಯಿಂದಲೂ ಒತ್ತಡ" ಎಂದು ಅದನ್ನೂ ತಮ್ಮ ಕತೆಗೆ ಸೇರಿಸಿಕೊಂಡರು. ಸೊಸೆ ಸುಮ್ಮನಾದಳು. ಸುಮ್ಮನಾಗುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ನಿಜವಾದ ಕೆಲಸ ಗಾಜಿನದು. ಕೂದಲಿನಷ್ಟೇ ದಪ್ಪದ ಗಾಜಿನ ಎಳೆ. ಅದರ ಒಂದು ತುದಿಯಿಂದ ಬೆಳಕು ಬಿಡುತ್ತಾರೆ. ಎಳೆಯ ಉದ್ದಕ್ಕೂ ಕಣ್ಣಿಗೆ ಕಾಣದ ಗುರುತುಗಳಿರುತ್ತವೆ. ಒಂದೊಂದು ಗುರುತೂ ತನ್ನ ಪಾಲಿನ ಬಣ್ಣವನ್ನಷ್ಟೇ ವಾಪಸು ಕಳಿಸಿ ಉಳಿದ ಬೆಳಕನ್ನು ಮುಂದಕ್ಕೆ ಬಿಡುತ್ತದೆ. ಗುರುತಿನ ಮೇಲೆ ಏನಾದರೂ ಒತ್ತಿದರೆ ಆ ಬಣ್ಣ ಇಷ್ಟೇ ಇಷ್ಟು ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸರಿಯಿತೋ ಅದರಿಂದ ಒತ್ತಡ ಎಷ್ಟೆಂದು ಹೇಳಬಹುದು. ಇಂಥ ಎಳೆಯನ್ನು ಮೆತ್ತಗಿನ ಸಣ್ಣ ನಳಿಕೆಯೊಳಗೆ ಕೂರಿಸಿ ಅನ್ನನಾಳಕ್ಕೋ ಮೂತ್ರಕೋಶಕ್ಕೋ ಇಳಿಸಿದರೆ, ಒಳಗೆ ಯಾವ ಜಾಗ ಎಷ್ಟು ಬಿಗಿಯುತ್ತಿದೆ, ಯಾವುದು ಸೋಮಾರಿಯಾಗಿ ಬಿದ್ದಿದೆ ಎಂದು ಹೊರಗಿನ ಪರದೆಯಲ್ಲಿ ಕಾಣುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಗುರುತಿಗೂ ಒಂದು ಪುಟ್ಟ ಕವಚ ತೊಡಿಸಿ ಅಂಟಿಸುವುದು ಸೊಸೆಯ ಪಾಲಿನ ಕೆಲಸ. ಅಂಟು ಹಾಕುವಾಗ ಜೋರಾಗಿ ಉಸಿರು ಬಿಟ್ಟರೂ ಎಳೆ ನಡುಗುತ್ತದೆ. ಹಾಗಾಗಿ ಆ ಕೋಣೆಯಲ್ಲಿ ಮಾತಿಲ್ಲ, ಕೆಮ್ಮಿಲ್ಲ, ಸೀನು ಬಂದವರು ಹೊರಗೆ ಓಡಬೇಕು. ಉಳಿದವರು ಊಟದ ಹೊತ್ತಿನಲ್ಲಾದರೂ ಬಾಯಿ ಬಿಡುತ್ತಿದ್ದರು. ಇವಳು ಆಗಲೂ ತಲೆಯಾಡಿಸಿಯೇ ಮುಗಿಸುತ್ತಿದ್ದಳು. ಅಲ್ಲಿ ಅವಳಿಗೆ ಮೌನಿ ಎಂದೇ ಹೆಸರು. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವುದು ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಮನೆಗೆ ಬಂದ ಮೇಲೂ ಅದು ಬಿಡುತ್ತಿರಲಿಲ್ಲ.

ಬಿಡುವ ಅಗತ್ಯವೂ ಬೀಳಲಿಲ್ಲ ಎನ್ನಿ. ಮನೆಯಲ್ಲಿ ಮಾತಾಡಲು ಅತ್ತೆ ಇದ್ದರಲ್ಲ.

ಬೀದಿಯವರು ಬೆನ್ನ ಹಿಂದೆ ಅವರನ್ನು ನಲ್ಲಿಯಮ್ಮ ಎನ್ನುತ್ತಿದ್ದರು. ವಾಷರ್ ಸವೆದ ನಲ್ಲಿ. ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ. ಚಾಡಿ ಹೇಳುವ ಜಾತಿಯಲ್ಲ ಅವರು, ಆ ಮಾತು ಯಾರೂ ಆಡುವ ಹಾಗಿಲ್ಲ. ಕಂಡದ್ದನ್ನೆಲ್ಲ ಹೇಳಬೇಕು, ಅಷ್ಟೇ. ಟೈಲರನ ಮೊಣಕಾಲು ನೋವು, ಕೆಳಗಿನ ಮನೆಯ ಕೂಸಿಗೆ ಹಲ್ಲು ಬಂದದ್ದು, ಬೆಳಗಿನ ಬಸ್ಸು ತಡವಾದದ್ದಕ್ಕೆ ನಿಜವಾದ ಕಾರಣ. ಸೊಸೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಶುರುವಾದ ಸಂಗತಿ ಅವಳು ದೀಪ ಆರಿಸುವಾಗಲೂ ಮಧ್ಯದಲ್ಲೇ ಇರುತ್ತಿತ್ತು.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಬಿಡಿಸಿ ಸಂಬಳ ತರುತ್ತಿದ್ದ, ಮನೆಯಲ್ಲಿ ತಾನೇ ಸಿಕ್ಕಿಕೊಂಡಿರುತ್ತಿದ್ದ. ಅಂಥ ಹೊತ್ತಿನಲ್ಲಿ ಗಾಬರಿಯಾಗದೆ ಸುಮ್ಮನೆ ನಿಂತಿರಬೇಕು ಎನ್ನುವುದು ಅವನ ವೃತ್ತಿಯ ಪಾಠ. ಅದನ್ನು ಚೆನ್ನಾಗಿಯೇ ಪಾಲಿಸುತ್ತಿದ್ದ.

ಅತ್ತೆಗೆ ಏನೋ ಆಗಿದೆ ಎಂದು ಮೊದಲು ಗೊತ್ತಾದದ್ದು ಪಾರಿವಾಳಗಳಿಂದ. ಬಾಲ್ಕನಿಗೆ ಬರುವ ಪಾರಿವಾಳಗಳು ದಿನೇ ದಿನೇ ದಪ್ಪಗಾಗತೊಡಗಿದ್ದವು. ಕಂಬಿಯ ಮೇಲೆ ಹಾರಿ ಕೂರಬೇಕಾದರೆ ಎರಡು ಸಲ ಯೋಚಿಸುತ್ತಿದ್ದವು. ಅತ್ತೆಯ ಉಂಗುರವೋ, ಬೆರಳಿನಲ್ಲಿ ನಿಲ್ಲದೆ ಒಳಗೆ ದಾರ ಸುತ್ತಿಸಿಕೊಂಡಿತ್ತು. ಇವೆರಡನ್ನೂ ದಿನಾ ನೋಡುತ್ತಿದ್ದ ಸೊಸೆಗೆ ಒಂದಕ್ಕೊಂದು ಸಂಬಂಧವಿದೆ ಎಂದು ಹೊಳೆಯಲಿಲ್ಲ. ಒಂದು ರಜೆಯ ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ, ಅತ್ತೆ ತಮ್ಮ ತಟ್ಟೆಯ ಬ್ರೆಡ್ಡನ್ನೂ ಸೇಬಿನ ಹೋಳುಗಳನ್ನೂ ಹೂಕುಂಡದ ಹಿಂದೆ ಸುರಿಯುತ್ತಿದ್ದರು.

"ಏನತ್ತೆ ಇದು?"

"ಪಾಪ, ಹಸಿದಿದ್ವು."

"ಇವಾ? ಇವಕ್ಕೆ ನಡೆಯೋಕೇ ಆಗ್ತಿಲ್ಲ."

ಅತ್ತೆ ಪಾರಿವಾಳಗಳ ಸ್ವಭಾವದ ಬಗ್ಗೆ, ಹಿಂದಿನ ಮನೆಯಲ್ಲಿದ್ದ ಒಂದು ಕುಂಟು ಪಾರಿವಾಳದ ಬಗ್ಗೆ ಹೇಳಲು ಶುರುಮಾಡಿದರು. ಸೊಸೆ ತಟ್ಟೆಯನ್ನು ಕೈಯಿಂದ ತೆಗೆದುಕೊಂಡು ಅಲ್ಲೇ ನಿಂತಳು. ಮಾತು ತಾನಾಗಿಯೇ ಸಣ್ಣಗಾಗುತ್ತಾ ಬಂತು.

"ಇಲ್ಲಿ ನಿಂತುಬಿಡುತ್ತೆ" ಎಂದು ಅತ್ತೆ ಎದೆಯ ಮೂಳೆ ಮುಟ್ಟಿ ತೋರಿಸಿದರು. "ಕೆಳಗೆ ಇಳಿಯಲ್ಲ. ನೀರು ಕುಡಿದ್ರೆ ನೀರೂ ಅದರ ಮೇಲೆ ಕೂತ್ಕೊಳ್ಳುತ್ತೆ. ಆಮೇಲೆ ಎಲ್ಲಾ ವಾಪಸು."

"ಯಾವಾಗಿಂದ?"

"ಹೊಸ ಕ್ಯಾಲೆಂಡರ್ ಹಾಕಿದಾಗಿಂದ ಅನ್ಸುತ್ತೆ."

ಕ್ಯಾಲೆಂಡರ್ ಅಷ್ಟು ಹೊತ್ತಿಗೆ ಅರ್ಧಕ್ಕೂ ಹೆಚ್ಚು ಹರಿದಿತ್ತು. ಸೊಸೆಗೆ ಹೆದರಿಕೆ ಮೊದಲು ಬಂತು, ಅದರ ಹಿಂದೆಯೇ ಸಿಟ್ಟು. ಊರಿನವರ ಹಲ್ಲು ಮೊಣಕಾಲು ಎಲ್ಲದರ ವರದಿ ಒಪ್ಪಿಸುವ ಹೆಂಗಸು ತನ್ನ ಎದೆಯಲ್ಲಿ ತುತ್ತು ನಿಲ್ಲುವುದನ್ನು ಹೇಳಲಿಲ್ಲವಲ್ಲ! ಕೇಳಿಬಿಡಬೇಕೆನಿಸಿತು. ಎಂದಿನಂತೆ ನುಂಗಿಕೊಂಡು, ಗಂಡನಿಗೆ ಫೋನ್ ಮಾಡಿದಳು.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದರು. ಅತ್ತೆಗೆ ಮಂಪರು ಕೊಟ್ಟಿದ್ದರಿಂದ ಆ ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ಗಡ್ಡೆ ಏನೂ ಇಲ್ಲ ಎಂದಾಗ ಸೊಸೆ ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರು ಬಿಟ್ಟಳು. ಆದರೆ ಡಾಕ್ಟರಮ್ಮ ಇನ್ನೂ ಮುಗಿಸಿರಲಿಲ್ಲ.

"ಅನ್ನನಾಳದ ಕೊನೇಲಿ ಒಂದು ಬಾಗಿಲಿದೆ. ನಾವು ನುಂಗಿದಾಗ ಅದು ತೆರೀಬೇಕು. ಇವರದ್ದು ಬಾಗಿಲೇ ತೆರೀತಿಲ್ಲವೋ, ಮೇಲಿನಿಂದ ತಳ್ಳೋ ಶಕ್ತಿ ಸಾಲ್ತಿಲ್ಲವೋ, ಕ್ಯಾಮೆರಾದಲ್ಲಿ ಗೊತ್ತಾಗಲ್ಲ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಒತ್ತಡ ಅಳೆದೇ ನೋಡಬೇಕು." ಹೀಗೆಂದು ಅವರು ಕಪಾಟಿನಿಂದ ಒಂದು ಉದ್ದನೆಯ ಪೆಟ್ಟಿಗೆ ತೆಗೆದು ಮುಚ್ಚಳ ಸರಿಸಿದರು.

"ಇದು ನಾವು ಮಾಡೋದು!" ಎಂದಳು ಸೊಸೆ. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಗಂಡನೂ ಕೇಳಿರಲಿಲ್ಲ.

ಅತ್ತೆ ಬಗ್ಗಿ ನೋಡಿದರು. "ಇದಾ ನಿನ್ನ ಸೆನ್ಸಾರ್? ಎಲ್ಲಿಗೆ ಹಾಕ್ತಾರೆ?"

"ಮೂಗಿನಿಂದ ಒಳಕ್ಕೆ" ಎಂದರು ಡಾಕ್ಟರಮ್ಮ.

ಎಲ್ಲರ ವಿಷಯದಲ್ಲೂ ಮೂಗು ತೂರಿಸುವವರು ಎಂದು ಹೆಸರಾದ ಅತ್ತೆಯ ಮೂಗಿಗೇ ಈಗ ಇನ್ನೊಬ್ಬರು ತೂರಿಸುವುದು! ಗಂಡ ಕಿಟಕಿಯ ಕಡೆ ತಿರುಗಿ ಕೆಮ್ಮಿದ. ಆದರೆ ಅತ್ತೆ ನಳಿಕೆಗೆ ಹೆದರಲಿಲ್ಲ. ಅವರು ಬೆಚ್ಚಿದ್ದು ನಿಯಮ ಕೇಳಿ. ನಳಿಕೆ ಒಳಗಿರುವಷ್ಟು ಹೊತ್ತು ಮಾತಾಡಬಾರದು. ನುಂಗಿ ಎಂದಾಗ ಮಾತ್ರ ಒಂದೇ ಸಲ ನುಂಗಬೇಕು. ಎರಡು ಗುಟುಕುಗಳ ನಡುವೆ ಗಂಟಲು ಅಲ್ಲಾಡಿಸಬಾರದು; ಅಲ್ಲಾಡಿಸಿದರೆ ಅಳತೆ ಕೆಡುತ್ತದೆ.

"ಒಂದು ಮಾತೂ ಇಲ್ವಾ?" ಎಂದು ಅತ್ತೆ ಕೇಳಿದರು. ಶಿಕ್ಷೆಯಲ್ಲಿ ರಿಯಾಯಿತಿ ಕೇಳುವ ದನಿ.

ಮೊದಲ ಸಲದ ಪರೀಕ್ಷೆ ನೆಲಕಚ್ಚಿತು. ಆ ಕೋಣೆಯ ಟೆಕ್ನಿಷಿಯನ್ ದಪ್ಪ ಮೀಸೆಯ, ತಾಳ್ಮೆಯ ಮನುಷ್ಯ. ನಳಿಕೆ ಇಳಿಸುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಅತ್ತೆ ಅವನ ಕಣ್ಣ ಕೆಳಗಿನ ಕಪ್ಪು ನೋಡಿದರು. ನಿದ್ದೆ ಇಲ್ಲವಾ ಎಂದು ಕೇಳಿದರು. ಅವನು ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದ. ಅತ್ತೆ ತಡೆದುಕೊಂಡರು, ಇನ್ನೊಂದು ಸ್ವಲ್ಪ ತಡೆದುಕೊಂಡರು, ಕೊನೆಗೆ ಮೂಗಿನ ಅಂಟುಪಟ್ಟಿ ಕಿತ್ತು ನಳಿಕೆಯನ್ನು ತಾವೇ ಎಳೆದು ಹಾಕಿ, ಮಲಗುವ ಮುಂಚೆ ಕಾಲು ಬಿಸಿನೀರಿನಲ್ಲಿಟ್ಟು ಕೂರಬೇಕು ಎಂಬ ಉಪಾಯವನ್ನು ಆ ಮನುಷ್ಯನಿಗೆ ಪೂರ್ತಿ ಹೇಳಿ ಹಗುರಾದರು.

"ಪಾಪ, ನರಳ್ತಿದ್ದ. ಗೊತ್ತಿದ್ದೂ ಹೇಳದೆ ಇರೋಕಾಗುತ್ತಾ?" ಎಂದು ಕಾರಿಡಾರಿನಲ್ಲಿ ಮಗನಿಗೆ ವಿವರಿಸಿದರು.

ಡಾಕ್ಟರಮ್ಮ ಸೊಸೆಯನ್ನು ಪಕ್ಕಕ್ಕೆ ಕರೆದರು. "ಇನ್ನೊಂದು ಸಲ ಪ್ರಯತ್ನ ಮಾಡೋಣ. ಅವರ ತೂಕ ಹೀಗೇ ಇಳೀತಾ ಹೋದ್ರೆ ಹೊಟ್ಟೆಗೆ ತೂತು ಮಾಡಿ ನಳಿಕೆಯಿಂದ ಊಟ ಕೊಡಬೇಕಾಗುತ್ತೆ. ಅಳತೆ ಇಲ್ಲದೆ ಊಹೆ ಮೇಲೆ ನಾನು ಕತ್ತರಿ ಹಾಕಲ್ಲ. ಊಹೆ ತಪ್ಪಿದ್ರೆ ಈಗ ಇಳಿಯೋಷ್ಟೂ ಇಳಿಯಲ್ಲ."

ಆ ವಾರ ಮನೆಯಲ್ಲಿ ತಾಲೀಮು ನಡೆಯಿತು. ಗಂಡ ಗಡಿಯಾರ ಹಿಡಿದು ಎದುರಿಗೆ ಕೂರುತ್ತಿದ್ದ. ಅತ್ತೆ ಬಾಯಿಗೆ ಬೀಗ ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಕೂರುತ್ತಿದ್ದರು. ಕೆಳಗೆ ಯಾರದೋ ಸ್ಕೂಟರ್ ನಿಂತ ಸದ್ದು ಕೇಳಿದರೆ ಮುಗಿಯಿತು. "ಟೈಲರನ ಭಾಮೈದ" ಎಂದು ಬಾಯಿ ಬಿಟ್ಟುಬಿಡುತ್ತಿದ್ದರು. ಸೊಸೆಗೆ ನಗು ಬರುತ್ತಿತ್ತು. ಆಮೇಲೆ ಅವರ ಕುತ್ತಿಗೆಯ ಮೂಳೆ ಕಣ್ಣಿಗೆ ಬಿದ್ದು ನಗು ನಿಂತುಹೋಗುತ್ತಿತ್ತು. ಈ ನಲ್ಲಿ ನಿಂತುಹೋದರೆ ಮನೆ ಹೇಗಿರುತ್ತದೆ ಎಂದು ಅವಳು ಮೊದಲ ಸಲ ಯೋಚಿಸಿದಳು. ಯೋಚನೆ ಬೇಡವೆನಿಸಿತು.

ಎರಡನೆಯ ಸಲ ಟೆಕ್ನಿಷಿಯನ್ ಸೊಸೆಯನ್ನೂ ಒಳಗೆ ಕೂರಲು ಹೇಳಿದ. "ನೀವಿದ್ರೆ ಸ್ವಲ್ಪ ಹತೋಟಿಯಲ್ಲಿರ್ತಾರೆ" ಎಂದ. ಪಾಪ, ಅವನಿಗೆ ಆ ಮನೆಯ ವಿಷಯ ಗೊತ್ತಿಲ್ಲ.

ಕಿಟಕಿಯಿಲ್ಲದ ಸಣ್ಣ ಕೋಣೆ. ಅರ್ಧ ಎತ್ತಿದ ಮಂಚ, ಕೈ ತೊಳೆಯುವ ತೊಟ್ಟಿ, ಚಕ್ರದ ಮೇಜಿನ ಮೇಲೆ ಪರದೆ. ಸೊಸೆ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಳು. ನಳಿಕೆ ಅತ್ತೆಯ ಮೂಗಿನಿಂದ ಇಳಿದಂತೆ ಪರದೆಯಲ್ಲಿ ಬಣ್ಣ ಮೂಡತೊಡಗಿತು. ಮೇಲೆ ಗಂಟಲು, ಕೆಳಗೆ ಹೊಟ್ಟೆ. ಒತ್ತಡವಿಲ್ಲದ ಕಡೆ ನೀಲಿ, ಇದ್ದ ಕಡೆ ಹಳದಿ, ಬಿಗಿದ ಕಡೆ ಕೆಂಪು. ಇಷ್ಟು ವರ್ಷ ಅವಳು ಉಸಿರು ಹಿಡಿದು ಅಂಟಿಸಿದ ಎಳೆಗಳೆಲ್ಲ ಪೆಟ್ಟಿಗೆ ಸೇರಿ ಹೋಗಿಬಿಡುತ್ತಿದ್ದವು. ಎಲ್ಲಿ ಹೋದವು, ಯಾರೊಳಗೆ ಇಳಿದವು, ಅವಳಿಗೆ ಗೊತ್ತಾಗುತ್ತಿರಲಿಲ್ಲ. ಈಗ ಕಣ್ಣೆದುರೇ ಒಂದು ಎಳೆ, ತನ್ನದೋ ಪಕ್ಕದ ಮೇಜಿನವಳದೋ, ಅತ್ತೆಯ ಎದೆಯೊಳಗಿಂದ ಬೆಳಕು ಕಳಿಸುತ್ತಿತ್ತು. ಅವಳ ಕಣ್ಣು ತುಂಬಿತು.

"ಬಾಯಲ್ಲಿ ನೀರು ಹಾಕ್ತೀನಿ. ಹಿಡಿದುಕೊಳ್ಳಿ. ಹೇಳಿದಾಗ ನುಂಗಿ. ಹತ್ತು ಗುಟುಕು, ಅಷ್ಟೇ" ಎಂದ ಟೆಕ್ನಿಷಿಯನ್. ಸೂಜಿಯಿಲ್ಲದ ಸಿರಿಂಜಿನಿಂದ ಒಂದಿಷ್ಟು ನೀರು ಬಿಟ್ಟ. "ನುಂಗಿ."

ಅತ್ತೆ ನುಂಗಿದರು. ಬಣ್ಣದ ಪಟ್ಟಿಯೊಂದು ಓರೆಯಾಗಿ ಕೆಳಗಿಳಿಯಲು ಹೊರಟಿತು.

"ಇದೇನು ನೀರು ಉಪ್ಪುಪ್ಪು?" ಎಂದರು ಅತ್ತೆ.

ಪಟ್ಟಿ ಚೂರುಚೂರಾಗಿ ಪರದೆಯೆಲ್ಲ ಹಳದಿ ಕಲೆ.

"ಅಮ್ಮಾ, ಮಾತಾಡಬಾರದು."

"ಮಾತಾಡಿಲ್ಲಪ್ಪ, ಕೇಳಿದೆ."

"ಕೇಳೋದೂ ಮಾತೇ ಅಲ್ವಾ?"

"ಮತ್ತೆ ನೀವೀಗ ಕೇಳಿದ್ದು?"

ಟೆಕ್ನಿಷಿಯನ್ ಕಣ್ಣು ಮುಚ್ಚಿ ತೆರೆದ. ಎರಡನೆಯದೂ ಕೆಟ್ಟಿತು. ಮೂರನೆಯ ಸಲ ಅತ್ತೆ ನೀರನ್ನು ಬಾಯಲ್ಲಿಟ್ಟುಕೊಂಡೇ ಅವನ ನಿದ್ದೆಯ ಬಗ್ಗೆ ಕೈಸನ್ನೆಯಲ್ಲಿ ವಿಚಾರಿಸಿದರು. ಸನ್ನೆ ಅವನಿಗೆ ಅರ್ಥವಾಗದಿದ್ದಾಗ, ಅವರ ಬೆರಳುಗಳು ಮೆಲ್ಲಗೆ ಮೂಗಿನ ಅಂಟುಪಟ್ಟಿಯ ಕಡೆ ಏರಿದವು. ಟೆಕ್ನಿಷಿಯನ್ ಪರದೆ ಆರಿಸಲು ಕೈ ಚಾಚಿದ.

"ಸಾಕು!"

ಯಾರೋ ಕೂಗಿದರು. ಸೊಸೆ ಬಾಗಿಲ ಕಡೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಕೂಗಿದ್ದು ತಾನೇ, ಮತ್ತು ತಾನು ಎದ್ದು ನಿಂತಿದ್ದೇನೆ ಎಂದು ಅವಳಿಗೆ ಆಮೇಲೆ ತಿಳಿಯಿತು.

"ಕೈ ಕೆಳಗಿಡಿ ಅತ್ತೆ! ಒಂದೇ ಒಂದು ಸಲ ಸುಮ್ಮನಿರೋಕಾಗಲ್ವಾ ನಿಮಗೆ? ನಾನಿಲ್ವಾ? ಆ ನೀಲಿ ಸ್ವೆಟರ್ ನೆನಪಿದೆಯಾ? ಎರಡು ಚಳಿಗಾಲ ಕೂತು ಹೆಣೆದಿದ್ದೆ. ಟೈಲರಿಗೆ ಮೊಣಕಾಲು ನೋವು ಅಂತ ಅದರ ತೋಳು ಎರಡೂ ಬಿಚ್ಚಿ ಅವನ ಕಾಲಿಗೆ ಹಾಕಿಸಿದ್ರಿ. ದಿನಾ ಬೆಳಿಗ್ಗೆ ಅವನ ಮೊಣಕಾಲಲ್ಲಿ ನನ್ನ ಸ್ವೆಟರ್ ನೋಡ್ಕೊಂಡು ಕೆಲಸಕ್ಕೆ ಹೋಗ್ತೀನಿ. ಏನಾದ್ರೂ ಅಂದ್ನಾ? ನುಂಗಿಕೊಂಡೆ!"

ಅತ್ತೆಯ ಕಣ್ಣು ತಟ್ಟೆಯಷ್ಟಾಯಿತು. ಕೈ ತಾನಾಗಿಯೇ ಹೊದಿಕೆಯ ಮೇಲೆ ಬಿತ್ತು. ಬಾಯಲ್ಲಿ ನೀರು ಹಾಗೇ ಇತ್ತು.

"ನುಂಗಿ" ಎಂದ ಟೆಕ್ನಿಷಿಯನ್, ಅಭ್ಯಾಸಬಲದಿಂದ.

ಗುಳುಕ್. ಪರದೆಯ ಮೇಲೆ ಓರೆ ಪಟ್ಟಿ ಮೇಲಿನಿಂದ ಕೆಳಗಿನವರೆಗೆ ಅಚ್ಚುಕಟ್ಟಾಗಿ ಮೂಡಿತು. ಅದರಾಚೆ ಕಲೆಯಿಲ್ಲ, ಚೂರಿಲ್ಲ. ಅತ್ತೆ ಮಾತು ಮರೆತಿದ್ದರು. ಈ ಹುಡುಗಿಯ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಿದ್ದದ್ದನ್ನು ಅವರು ಕಂಡೇ ಇರಲಿಲ್ಲ. ಒಂದಕ್ಷರ ತಪ್ಪಿಸಿಕೊಂಡರೂ ನಷ್ಟ ತಮಗೇ ಎನ್ನುವಂತೆ ಕಿವಿಯಾಗಿ ಮಲಗಿದ್ದರು. ಟೆಕ್ನಿಷಿಯನ್ ಇನ್ನೊಂದು ಸಿರಿಂಜು ತುಂಬಿಕೊಂಡು, ಬಿಡಬೇಡಿ, ಮುಂದುವರಿಸಿ ಎಂದು ಸೊಸೆಗೆ ಬೆರಳಾಡಿಸಿದ.

"ನನ್ನಮ್ಮನ ಜೊತೆ ಫೋನಲ್ಲಿ ಮಾತಾಡೋವಾಗ ಹಿಂದಿನಿಂದ ಎಲ್ಲದಕ್ಕೂ ನೀವೇ ಉತ್ತರ ಕೊಡ್ತೀರಿ. ಈಗ ಅಮ್ಮ ಫೋನ್ ಎತ್ತಿದ ಕೂಡಲೇ 'ಅತ್ತೆಗೆ ಕೊಡು' ಅಂತಾರೆ. ನನ್ನ ಅಮ್ಮ ಅವರು!"

"ನುಂಗಿ."

"ಧಾರಾವಾಹಿ ಶುರುವಾಗೋ ಮುಂಚೆ ಕೊನೆ ಹೇಳಿಬಿಡ್ತೀರಿ. ಯಾರು ಸಾಯ್ತಾರೆ ಅಂತ ಗೊತ್ತಾದ ಮೇಲೆ ನಾನೇನು ನೋಡಲಿ?"

"ನುಂಗಿ."

ಅತ್ತೆಯ ಮುಖದಲ್ಲಿ ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ತುಟಿ 'ಅದು' ಎನ್ನಲು ದುಂಡಗಾಗುವಷ್ಟರಲ್ಲಿ ಸೊಸೆಯ ಮುಂದಿನ ದೂರು ಬಂದು ಬೀಳುತ್ತಿತ್ತು.

"ಸೆನ್ಸಾರ್ ಅಲ್ಲ ಅತ್ತೆ! ಸೆನ್ಸರ್! ಸೆನ್ಸರ್! ಟೈಲರ್ ನನ್ನ ಹತ್ರ ಕತ್ತರಿಸಿದ ಸೀನು ತಂದು ತೋರಿಸಿ ಅಂತ ಕೇಳ್ತಾನೆ!"

ಟೆಕ್ನಿಷಿಯನ್‌ಗೆ ನಗು ತಡೆಯಲಾಗದೆ ನುಂಗಿ ಎನ್ನುವುದು ಒಂದಿಷ್ಟು ತಡವಾಯಿತು. ಆ ಗುಟುಕೂ ಸರಿಯಾಗಿಯೇ ಬಂತು.

ಹೀಗೆ ನಡೆಯುತ್ತಿರುವಾಗ ಸೊಸೆಯ ಸರಕು ಮುಗಿಯಿತು. ವರ್ಷಗಟ್ಟಲೆ ನುಂಗಿದ್ದೇನೆ, ಬೆಟ್ಟದಷ್ಟಿದೆ ಎಂದುಕೊಂಡಿದ್ದಳು. ಹೊರಗೆ ತೆಗೆದು ನೋಡಿದರೆ ಒಂದು ಸಿರಿಂಜಿನ ಪೆಟ್ಟಿಗೆಗೂ ಸಾಲಲಿಲ್ಲ.

"ಇನ್ನಿದೆಯಾ?" ಎಂದು ಟೆಕ್ನಿಷಿಯನ್ ಪಿಸುಗುಟ್ಟಿದ.

"ಯೋಚಿಸ್ತಿದ್ದೀನಿ."

"ಬೇಗ. ಬಾಯಿ ತೆರೀತಿದ್ದಾರೆ."

ಬಾಗಿಲು ಒಂದಿಷ್ಟು ಸರಿಯಿತು. ಗಂಡನ ತಲೆ ಒಳಗೆ ಬಂತು. "ಸ್ನಾನಕ್ಕೆ ಹೋದಾಗ ಬಾಗಿಲು ತಟ್ಟೋದು ಹೇಳಿದ್ಯಾ?"

ಸೊಸೆ ಅವನನ್ನು ದುರುಗುಟ್ಟಿ ನೋಡಿದಳು. "ಇದೆಲ್ಲಾ ನಿಮಗೆ ಗೊತ್ತಿತ್ತಾ?"

ತಲೆ ಬಂದ ಹಾಗೆಯೇ ಹೊರಗೆ ಹೋಯಿತು. ಆದರೆ ಅದೊಂದು ದೂರಿಗಾಯಿತು. "ಸೋಪು ಕಣ್ಣಿಗೆ ಹೋದಾಗಲೇ ನಿಮಗೆ ಊರಿನ ಸುದ್ದಿ ನೆನಪಾಗುತ್ತೆ ಅತ್ತೆ!" "ನುಂಗಿ." ಗುಳುಕ್.

ಉಳಿದದ್ದು ಒಂದೇ ಗುಟುಕು. ಟೆಕ್ನಿಷಿಯನ್ ನೀರು ಹಾಕಿ ಸೊಸೆಯ ಕಡೆ ನೋಡಿದ. ಅವಳು ಬಾಯಿ ತೆರೆದಳು. ಈ ಸಲ ಬಂದ ದನಿ ಬೇರೆ.

"ಎಲ್ಲಾ ಹೇಳ್ತೀರಲ್ಲ ಅತ್ತೆ. ಬೀದಿಯವರ ಹಲ್ಲು, ಬಸ್ಸು, ಪಾರಿವಾಳ, ಎಲ್ಲಾ. ಇದೊಂದನ್ನ ಯಾಕೆ ಹೇಳಲಿಲ್ಲ? ದಿನಾ ನಿಮ್ಮ ಎದುರಿಗೇ ಕೂತು ಉಂಡೆನಲ್ಲ, ನನಗೆ ಯಾಕೆ ಹೇಳಲಿಲ್ಲ? ನನಗೆ ಭಯ ಆಗ್ತಿದೆ. ಕೆಲಸದ ಕೋಣೆಯಲ್ಲಿ ಇಡೀ ದಿನ ಸದ್ದಿರಲ್ಲ. ಮನೆಗೆ ಬಂದ್ರೂ ಸದ್ದಿಲ್ಲ ಅಂದ್ರೆ ನಾನು ಎಲ್ಲಿಗೆ ಹೋಗಲಿ?"

ನುಂಗಿ ಎನ್ನಲು ಟೆಕ್ನಿಷಿಯನ್ ಮರೆತ. ಅತ್ತೆ ಸೊಸೆಯ ಮುಖವನ್ನೇ ನೋಡುತ್ತಿದ್ದು, ತಾವಾಗಿಯೇ ನುಂಗಿದರು. ಪಟ್ಟಿ ನಿಧಾನವಾಗಿ ಎದೆಯುದ್ದಕ್ಕೂ ಇಳಿಯಿತು. ಇಳಿದು, ತಳದಲ್ಲಿ ಅಡ್ಡವಾಗಿದ್ದ ಕೆಂಪು ಗೆರೆಯ ಮೇಲೆ ನಿಂತಿತು. ಗೆರೆ ಅಲ್ಲಾಡಲಿಲ್ಲ. ಹಿಂದಿನ ಗುಟುಕುಗಳಲ್ಲೂ ಅಲ್ಲಾಡಿರಲಿಲ್ಲ. ದೂರುಗಳ ಗದ್ದಲದಲ್ಲಿ ಸೊಸೆ ಅದನ್ನು ಗಮನಿಸಿರಲಿಲ್ಲ.

"ಬಾಗಿಲೇ" ಎಂದರು ಡಾಕ್ಟರಮ್ಮ ಬಂದು ನೋಡಿ. "ಸಂಶಯವೇ ಇಲ್ಲ. ಮೇಲಿನಿಂದ ತಳ್ಳೋದು ಇನ್ನೂ ಚೆನ್ನಾಗಿದೆ. ಬಾಗಿಲು ಬಿಡ್ತಾ ಇಲ್ಲ. ಆ ಬಿಗಿದ ಸ್ನಾಯುವನ್ನ ಒಳಗಿನಿಂದಲೇ ಸ್ವಲ್ಪ ಕತ್ತರಿಸಿದ್ರೆ ಊಟ ಇಳಿಯುತ್ತೆ." ಆಮೇಲೆ ಪರದೆಯನ್ನು ಇನ್ನೊಮ್ಮೆ ನೋಡಿ, "ಇಷ್ಟು ಶುದ್ಧವಾದ ಅಳತೆ ನಮಗೆ ಸಿಗೋದೇ ಅಪರೂಪ. ಹೇಗೆ ಮಾಡಿದ್ರಿ?" ಎಂದು ಟೆಕ್ನಿಷಿಯನ್‌ನನ್ನು ಕೇಳಿದರು. ಅವನು ಸಿರಿಂಜುಗಳನ್ನು ಎಣಿಸುವುದರಲ್ಲಿ ಮಗ್ನನಾದ.

ನಳಿಕೆ ಹೊರಗೆ ಬಂತು. ಈಗ ಮಾತಿನ ಪ್ರವಾಹ ಬರುತ್ತದೆ ಎಂದು ಮೂವರೂ ಕಾದರು. ಅತ್ತೆ ಮೂಗು ಒರೆಸಿಕೊಂಡು, "ಮನೆಗೆ ಹೋಗೋಣ" ಎಂದರು. ಅಷ್ಟೇ. ಬಸ್ಸಿನಲ್ಲೂ ಮಾತಿಲ್ಲ. ಸೊಸೆಗೆ ಈಗ ನಿಜವಾಗಿ ಹೆದರಿಕೆಯಾಯಿತು. ಮೂರನೆಯ ಮನುಷ್ಯನ ಎದುರಿಗೆ, ಕಾಯಿಲೆಯಲ್ಲಿ ಮಲಗಿದವರಿಗೆ ಹಾಗೆಲ್ಲ ಅನ್ನಬಹುದೇ?

"ತಪ್ಪಾಯ್ತು ಅತ್ತೆ" ಎಂದಳು ಕೈ ಹಿಡಿದು. "ಸಿಟ್ಟಲ್ಲಿ ಏನೇನೋ ಅಂದೆ. ಹೊಟ್ಟೆಗೆ ಹಾಕಿಕೊಳ್ಳಿ."

ಅತ್ತೆ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದರು. "ಹೊಟ್ಟೆಗೆ ಹಾಕಿಕೊಳ್ಳೋಣ ಅಂದ್ರೆ ದಾರಿ ಎಲ್ಲಿದೆ? ಮೊದಲು ಬಾಗಿಲು ತೆಗೆಸು."

ಮುಂದಿನ ಸೀಟಿನಲ್ಲಿದ್ದ ಗಂಡನ ಭುಜ ಕುಲುಕಿತು. ಸೊಸೆಗೂ ನಗು ಬಂತು, ಅಳುವೂ ಬಂತು. ಎರಡನ್ನೂ ಅವಳು ನುಂಗಲಿಲ್ಲ.

ಬಾಗಿಲು ತೆಗೆಸಿದ್ದಾಯಿತು. ಕೆಲವು ದಿನ ಬರೀ ಹಾಲು, ಆಮೇಲೆ ಮೆತ್ತಗಿನದು. ಅಷ್ಟು ದಿನವೂ ಅತ್ತೆ ಬೀದಿಯ ಸುದ್ದಿ ಬೇಕಾದಷ್ಟು ಆಡಿದರು, ಆ ಕೋಣೆಯ ವಿಷಯ ಮಾತ್ರ ಎತ್ತಲಿಲ್ಲ. ಡಾಕ್ಟರಮ್ಮ ಇನ್ನು ಏನು ಬೇಕಾದರೂ ತಿನ್ನಿ ಎಂದ ಸಂಜೆ, ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಸೊಸೆಯ ಕೈಗೆ ಸೇಬು ಮತ್ತು ಚಾಕು ಕೊಟ್ಟು ಎದುರಿಗೆ ಕೂರಿಸಿಕೊಂಡರು. ಪಾರಿವಾಳಗಳು ತಮ್ಮ ಪಾಲಿಗೆಂದು ಕಂಬಿಯ ಮೇಲೆ ಸಾಲಾಗಿ ಬಂದು ಕೂತವು.

ಅತ್ತೆ ಒಂದು ಹೋಳು ಬಾಯಿಗಿಟ್ಟರು. ಅಗಿದರು. ನುಂಗಿದರು. ಕಣ್ಣು ಮುಚ್ಚಿ, ಎದೆಯ ಮೂಳೆಯ ಮೇಲೆ ಬೆರಳಿಟ್ಟು, ಅದು ಇಳಿಯುವ ದಾರಿಯನ್ನೆಲ್ಲ ಹಿಂಬಾಲಿಸಿದರು. ಆಮೇಲೆ ಕಣ್ಣು ತೆರೆದರು.

"ಆ ಸ್ವೆಟರ್. ಅದರ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಇತ್ತು. ನೀನು ಬೇಜಾರು ಮಾಡ್ಕೋತೀಯ ಅಂತ ನಾನೂ ಹೇಳಿರಲಿಲ್ಲ. ಟೈಲರನ ಎರಡು ಮೊಣಕಾಲೂ ಒಂದೇ ಸಮ ಇಲ್ಲ. ಸರಿಹೋಯ್ತು."

ಸೊಸೆಯ ಚಾಕು ನಿಂತಿತು. ಅತ್ತೆ ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡಿದ್ದರು.

"ಫೋನು. ನಿಮ್ಮಮ್ಮ ಏನು ಕೇಳಿದ್ರೂ ನೀನು ಹೂಂ ಅಂತೀಯ. ಹೂಂ ಕೇಳೋಕೆ ಯಾರಾದ್ರೂ ಅಷ್ಟು ದೂರದಿಂದ ಫೋನ್ ಮಾಡ್ತಾರಾ? ಧಾರಾವಾಹಿ. ಅರ್ಧದಲ್ಲೇ ನಿದ್ದೆ ಹೋಗ್ತೀಯ, ಕೊನೆ ಗೊತ್ತಾಗದೆ ಉಳೀಬಾರದು ಅಂತ ಮೊದಲೇ ಹೇಳ್ತೀನಿ. ಸ್ನಾನ. ಮನೇಲಿ ನೀನು ಎದ್ದು ಹೋಗದೆ ನಿಂತು ಕೇಳೋ ಜಾಗ ಅದೊಂದೇ." ಇನ್ನೊಂದು ಹೋಳು. "ಇನ್ನು ಸೆನ್ಸಾರ್. ನಿನ್ನ ಆ ದಾರ ಒಳಗೆ ನೋಡಿ ಹೇಳಿತು, ಆಮೇಲೆ ಕತ್ತರಿ ಹಾಕಿದ್ರು. ನೋಡಿ ಕತ್ತರಿ ಹಾಕೋದಕ್ಕೆ ಏನಂತಾರೆ? ನಾನು ಮೊದಲಿನಿಂದ ಹೇಳ್ತಿದ್ದದ್ದೇ ಸರಿ."

ಸೊಸೆಯ ಚಾಕು ಮತ್ತೆ ಸೇಬಿಗಿಳಿಯಿತು.

"ಮತ್ತೆ ಆ ಕೊನೇದು?" ಎಂದಳು, ಸೇಬಿನ ಸಿಪ್ಪೆ ನೋಡುತ್ತಾ.

ಕೆಳಗೆ ಸ್ಕೂಟರೊಂದು ಬಂದು ನಿಂತಿತು. ಯಾರದೆಂದು ಅತ್ತೆ ಬಗ್ಗಿಯೂ ನೋಡಲಿಲ್ಲ.

"ಹೇಳಿದ್ರೆ ನೀನು ಹೆದರ್ತಿದ್ದೆ. ಹೆದರಿದ್ದನ್ನೂ ಯಾರಿಗೂ ಹೇಳ್ತಿರಲಿಲ್ಲ, ಒಳಗೇ ಇಟ್ಕೊಂಡು ಕೊರಗ್ತಿದ್ದೆ. ಅದಕ್ಕೇ ಹೇಳಲಿಲ್ಲ." ಅವರು ಸೊಸೆಯ ಕೈಯಿಂದ ಕತ್ತರಿಸಿದ ಹೋಳನ್ನು ತಾವೇ ತೆಗೆದುಕೊಂಡರು. "ಆಮೇಲೆ ನೀನು ಎಲ್ಲಿಗೆ ಹೋಗಲಿ ಅಂದ್ಯಲ್ಲ, ಅದಕ್ಕೆ ಉತ್ತರ ಇಲ್ಲ. ಅದನ್ನ ಹೊಟ್ಟೆಗೆ ಹಾಕಿಕೊಂಡೆ."

"ಇಳೀತಾ ಅತ್ತೆ?"

"ಆವತ್ತೇ ಇಳೀತು" ಎಂದರು ಅತ್ತೆ. "ಬಾಗಿಲು ತೆಗೆಸೋ ಮುಂಚೆಯೇ."